ಅಕ್ಕೋರ ನೋಟ್‌ಬುಕ್ಕು ಮತ್ತು ಹೊಸ ಶೆಲ್

ಆ ಗುರುವಾರ ನಾನು ವಾದ ಮಾಡಿ ಗೆದ್ದೆ. ಸೋತಿದ್ದರೆ ಶುಕ್ರವಾರದ ಗಲಾಟೆಯೇ ಇರುತ್ತಿರಲಿಲ್ಲ.

2009ರ ಮಾತು. ಬಿಟಿಎಂ ಎರಡನೇ ಹಂತದಲ್ಲಿ ಒಂದು ಮನೆಯ ಮಹಡಿಯೇ ನಮ್ಮ ಆಫೀಸು. ಕೆಳಗೆ ಮನೆಯವರು ಒಗ್ಗರಣೆ ಹಾಕಿದರೆ ಮೇಲೆ ನಾವು ಸೀನುತ್ತಿದ್ದೆವು. ಎಸ್ಸೆಸ್ಸೆಲ್ಸಿಯಲ್ಲಿ ಫೇಲಾದವರಿಗೆ, ಎಂದೋ ಶಾಲೆ ಬಿಟ್ಟು ಈಗ ಖಾಸಗಿಯಾಗಿ ಪರೀಕ್ಷೆ ಕಟ್ಟುವವರಿಗೆ ಪಾಠ ಹೇಳುವ ಒಂದು ಟ್ಯುಟೋರಿಯಲ್ ಬನಶಂಕರಿಯಲ್ಲಿತ್ತು. ಅಲ್ಲಿನ ಅಭ್ಯರ್ಥಿಗಳ ಅರ್ಜಿಗಳೆಲ್ಲ ನಾವು ಬರೆದ ಸಾಫ್ಟ್‌ವೇರಿನಲ್ಲಿ ಇರುತ್ತಿದ್ದವು. ಹೆಸರು, ತಂದೆಯ ಹೆಸರು, ಹುಟ್ಟಿದ ದಿನ, ವಿಷಯ, ಪರೀಕ್ಷಾ ಕೇಂದ್ರ. ಕೊನೆಯ ದಿನ ಎಲ್ಲವನ್ನೂ ಒಂದು ಸಿಡಿಯಲ್ಲಿ ತುಂಬಿ ಟ್ಯುಟೋರಿಯಲ್‌ನವರಿಗೆ ಕೊಡಬೇಕು. ಅವರು ಅದನ್ನು ಪರೀಕ್ಷಾ ಕಚೇರಿಗೆ ಮುಟ್ಟಿಸುತ್ತಾರೆ. ಅಲ್ಲಿಗೆ ಹೋದಮೇಲೆ ತಪ್ಪು ತಪ್ಪಾಗಿಯೇ ಉಳಿಯುತ್ತದೆ.

ಕೊನೆಯ ದಿನದವರೆಗೂ ತಿದ್ದುಪಡಿಗಳು ಬರುತ್ತಲೇ ಇರುತ್ತಿದ್ದವು. ಅವುಗಳನ್ನು ಮಾಡುತ್ತಿದ್ದವರು ಅಕ್ಕೋರು. ಗದಗದ ಕಡೆಯವರು. ಊರಲ್ಲಿ ಪ್ರೈಮರಿ ಶಾಲೆಯ ಟೀಚರಾಗಿದ್ದರಂತೆ. ಅವರ ಕಡೆ ಟೀಚರಮ್ಮನನ್ನು ಅಕ್ಕೋರು ಎನ್ನುತ್ತಾರೆ ಎಂದು ಅವರೇ ಒಮ್ಮೆ ಊಟದ ಹೊತ್ತಿನಲ್ಲಿ ಹೇಳಿದ್ದರು. ಅಂದಿನಿಂದ ನಮಗೆಲ್ಲ ಅವರು ಅಕ್ಕೋರೇ. ಗಂಡನ ಕೆಲಸದ ಹಿಂದೆ ಬಿಟಿಎಂಗೆ ಬಂದು ಆರು ವರ್ಷ ಬಾಡಿಗೆ ಮನೆಯಲ್ಲಿ ಸುಮ್ಮನೆ ಕೂತಿದ್ದರು. ಈ ಕೆಲಸ ಸಿಕ್ಕಮೇಲೆ, ಈ ಊರಿನಲ್ಲಿ ಅವರನ್ನು ಅಕ್ಕೋರು ಎಂದು ಕರೆಯುವ ಒಂದು ಕೋಣೆ ಸಿಕ್ಕಿತ್ತು. ಹಾಗೆಂದು ಅವರು ಯಾವತ್ತೂ ಹೇಳಲಿಲ್ಲ. ಆದರೆ ಕರೆದಾಗ ಅವರು ತಲೆ ಎತ್ತುತ್ತಿದ್ದ ರೀತಿಯಿಂದ ಗೊತ್ತಾಗುತ್ತಿತ್ತು.

ಹಿಂದಿನ ಸಲದ ಅರ್ಜಿಗಳಲ್ಲಿ ಅವರ ಕೈಯಿಂದ ಒಂದು ತಪ್ಪಾಗಿತ್ತು. ಕನ್ನಡ ಮಾಧ್ಯಮದ ಹುಡುಗನೊಬ್ಬನಿಗೆ ಇಂಗ್ಲಿಷ್ ಪ್ರಶ್ನೆಪತ್ರಿಕೆ ಬಂದು, ಟ್ಯುಟೋರಿಯಲ್‌ನವರು ಬಂದು ಕೂಗಾಡಿ ಹೋಗಿದ್ದರು. ಅವತ್ತು ನಮ್ಮ ಮಾಲೀಕರು ಎಲ್ಲರ ಎದುರಿಗೇ ಹೇಳಿದ್ದರು: "ಇನ್ನೊಂದ್ಸಲ ಹಿಂಗಾದ್ರೆ ನಾನೇನೂ ಹೇಳಲ್ಲಮ್ಮ. ನೀವೇ ಅರ್ಥ ಮಾಡ್ಕೊಳ್ಳಿ." ಅಕ್ಕೋರು ಅರ್ಥ ಮಾಡಿಕೊಂಡಿದ್ದರು. ಅಂದಿನಿಂದ ಪ್ರತಿ ತಿದ್ದುಪಡಿಯನ್ನೂ ಮೊದಲು ಪೇಪರಿನಲ್ಲಿ ಬರೆದು, ಯಾರು ಫೋನ್ ಮಾಡಿದರು, ಎಷ್ಟು ಗಂಟೆಗೆ ಮಾಡಿದರು ಎಂದು ನಮೂದಿಸಿ, ಕೆಲಸ ಆದಮೇಲೆ ಟಿಕ್ ಹಾಕುತ್ತಿದ್ದರು.

ಅವರು ಕೆಲಸ ಮಾಡುತ್ತಿದ್ದದ್ದು ಶೆಲ್‌ನಲ್ಲಿ. ಶೆಲ್ ಎಂದರೆ ಒಂದು ಕಪ್ಪು ಕಿಟಕಿ. ಅದರೊಳಗೆ ರೂಬಿ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಒಂದು ಸಾಲು ಟೈಪ್ ಮಾಡಿ ಎಂಟರ್ ಒತ್ತಿದರೆ ಆಗಲೇ ಉತ್ತರ ಬರುತ್ತದೆ. ಕೇಳಿದ್ದನ್ನು ಹೇಳುತ್ತದೆ, ಹೇಳಿದ್ದನ್ನು ಮಾಡುತ್ತದೆ, ನಿಜಕ್ಕೂ ಮಾಡಲೇ ಎಂದು ತಿರುಗಿ ಕೇಳುವುದಿಲ್ಲ. ಪ್ರೋಗ್ರಾಮರ್‌ಗಳು ಏನನ್ನಾದರೂ ಪ್ರಯೋಗ ಮಾಡಿ ನೋಡಲು ಇಟ್ಟುಕೊಳ್ಳುವ ಸಾಧನ ಅದು. ನಮ್ಮಲ್ಲಿ ಮಾತ್ರ ಪ್ರೋಗ್ರಾಮಿಂಗ್ ಗೊತ್ತಿಲ್ಲದ ಒಬ್ಬರು ಅದರಲ್ಲೇ ಇಡೀ ದಿನ ದುಡಿಯುತ್ತಿದ್ದರು. ತಿದ್ದುಪಡಿಗೆಂದು ಒಂದು ಪುಟ ಮಾಡಿಕೊಡಲು ಯಾರಿಗೂ ಪುರುಸೊತ್ತು ಸಿಕ್ಕಿರಲಿಲ್ಲ. ಹಿಂದೆ ಇದ್ದ ಪ್ರೋಗ್ರಾಮರ್ ಕೆಲಸ ಬಿಡುವಾಗ ಒಂದು ಲಾಂಗ್ ನೋಟ್‌ಬುಕ್ಕಿನಲ್ಲಿ ಯಾವ ತಿದ್ದುಪಡಿಗೆ ಯಾವ ಸಾಲುಗಳು ಎಂದು ಬರೆಸಿ ಹೋಗಿದ್ದ. ಅಕ್ಕೋರು ಅದನ್ನು ನೋಡಿ, ನಂಬರು ಮತ್ತು ಹೆಸರು ಮಾತ್ರ ಬದಲಿಸಿ, ಅಕ್ಷರಕ್ಕೆ ಅಕ್ಷರ ಟೈಪ್ ಮಾಡುತ್ತಿದ್ದರು. ಕೊನೆಗೆ ಶೆಲ್ 'ಟ್ರೂ' ಎಂದರೆ ಸೇವ್ ಆಯಿತು ಎಂದು ಲೆಕ್ಕ.

ನೋಟ್‌ಬುಕ್ಕಿನ ಮೊದಲ ಪುಟದ ಮೊದಲ ಸಾಲು ವಿಚಿತ್ರವಾಗಿತ್ತು. ಬೆಳಿಗ್ಗೆ ಶೆಲ್ ತೆರೆದ ತಕ್ಷಣ, ಬೇರೆ ಏನನ್ನೂ ಮುಟ್ಟುವ ಮುಂಚೆ, ಪಟ್ಟಿಯ ಒಂದನೇ ನಂಬರಿನ ಅಭ್ಯರ್ಥಿಯನ್ನು ಕರೆಯಬೇಕು. ಅಷ್ಟೇ. ಯಾಕೆ ಎಂದು ಬರೆದಿರಲಿಲ್ಲ. ಅಕ್ಕೋರು ಅದಕ್ಕೆ ಗಣಪತಿ ಸಾಲು ಎಂದು ಹೆಸರಿಟ್ಟಿದ್ದರು.

ಅಲ್ಲಿ ಪ್ರೋಗ್ರಾಮರ್ ಆಗಿದ್ದ ನನಗೆ ಆಗ ಕಾಲೇಜು ಮುಗಿದು ಒಂದೂವರೆ ವರ್ಷವಾಗಿತ್ತು. ಜಯನಗರದ ಕಾಲೇಜಿನಲ್ಲಿ ಮೂರು ವರ್ಷ ಚರ್ಚಾ ಸ್ಪರ್ಧೆಗಳಿಗೆ ಹೋದವಳು. ಚೀಟಿ ಎತ್ತಿದಾಗ 'ಪರ' ಬಂದರೆ ಪರ, 'ವಿರೋಧ' ಬಂದರೆ ವಿರೋಧ. ಯಾವ ಕಡೆ ನಿಂತರೂ ಎದುರಿನವರ ಮಾತಿನಲ್ಲಿ ಸಡಿಲವಾದ ಹಲಗೆ ಎಲ್ಲಿದೆ ಎಂದು ಕಾಲಿಟ್ಟು ನೋಡುವುದು ಅಭ್ಯಾಸವಾಗಿಬಿಟ್ಟಿತ್ತು. ಮನೆಯಲ್ಲಿ ಅಮ್ಮನ ಶನಿವಾರದ ಉಪವಾಸವನ್ನೂ ಪ್ರಶ್ನಿಸದೆ ಬಿಟ್ಟವಳಲ್ಲ. ಇನ್ನು ಅಕ್ಕೋರ ಗಣಪತಿ ಸಾಲು ಬಿಡುತ್ತೇನೆಯೇ? ಏನು ಮಾಡುತ್ತದೆ ಎಂದು ಗೊತ್ತಿಲ್ಲದೆ ದಿನಾ ಒಂದು ಸಾಲು ಟೈಪ್ ಮಾಡುವುದಕ್ಕೂ ನಿಂಬೆಹಣ್ಣು ಕಟ್ಟುವುದಕ್ಕೂ ಏನು ವ್ಯತ್ಯಾಸ ಎಂದು ಒಂದು ದಿನ ಕೇಳಿದೆ.

ಅವರು ಟೈಪ್ ಮಾಡುವುದನ್ನು ನಿಲ್ಲಿಸಲಿಲ್ಲ. "ನನಗ ಗೊತ್ತಿಲ್ರಿ. ನಿಮಗ ಗೊತ್ತೈತೇನು?"

ನಾನು ಪುಟದ ಮೇಲೆ ಒಮ್ಮೆ ಕಣ್ಣಾಡಿಸಿ, ಬೇಡದ ಸಾಲು ಅದು, ಇದ್ದರೂ ನಷ್ಟವಿಲ್ಲ ಎಂದೆ. ಓಡಿಸಿ ನೋಡಲಿಲ್ಲ. ಮುಂದಿನ ಸಾಲುಗಳ ಜೊತೆ ಇಟ್ಟು ಓದಲೂ ಇಲ್ಲ.

ಇನ್ನು ಗುರುವಾರದ ವಾದ. ನಮ್ಮ ಹಳೆಯ ಶೆಲ್‌ಗೆ ಕನ್ನಡ ಬರುತ್ತಿರಲಿಲ್ಲ. ಅಭ್ಯರ್ಥಿಯ ಹೆಸರು ಕೇಳಿದರೆ ಓರೆಗೆರೆ, ಮೂರು ಅಂಕಿ, ಮತ್ತೆ ಓರೆಗೆರೆ, ಮತ್ತೆ ಮೂರು ಅಂಕಿ ಎಂದು ಅರ್ಧ ಪರದೆ ತುಂಬುವಷ್ಟು ಕಸ ಸುರಿಯುತ್ತಿತ್ತು. ಆ ವರ್ಷ ಬಂದ ಹೊಸ ರೂಬಿಯ ಶೆಲ್ ಕನ್ನಡವನ್ನು ಕನ್ನಡವಾಗಿಯೇ ತೋರಿಸುತ್ತಿತ್ತು. ಅರ್ಜಿಗಳನ್ನು ತೋರಿಸುವ ನಮ್ಮ ವೆಬ್‌ಸೈಟು ಹಳೆಯ ರೂಬಿಯಲ್ಲೇ ಓಡಲಿ, ಶೆಲ್ ಒಂದನ್ನು ಮಾತ್ರ ಹೊಸದಕ್ಕೆ ಏರಿಸೋಣ ಎಂದು ನಾನು ಮಾಲೀಕರ ಮುಂದಿಟ್ಟೆ. ಅಕ್ಕೋರು ಬೇಡ ಎಂದರು. ಅವರ ವಾದ ಇದ್ದದ್ದು ಒಂದೇ ಮಾತಿನಲ್ಲಿ. ನಾಳೆ ಕೊನೆಯ ದಿನ, "ಅರ್ಜಿ ಹೋಗ್ಲಿ ತಡೀರಿ, ಆಮ್ಯಾಲೆ ಏನರ ಮಾಡ್ಕೋರಿ."

ಸುಮ್ಮನಿರಬಹುದಿತ್ತು. ನಾನು ಎದ್ದು ನಿಂತೆ. ವಾದಕ್ಕೆ ಎದ್ದು ನಿಲ್ಲುವುದು ಅಭ್ಯಾಸ. ಕಳೆದ ಸಲದ ತಪ್ಪು ಯಾಕಾಯಿತು ಎಂದು ಕೇಳಿದೆ. ಹೆಸರು ಓದಲಾಗದವರ ಅರ್ಜಿಯನ್ನು ತಿದ್ದುವುದೆಂದರೆ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ತಿದ್ದಿದ ಹಾಗೆ. ನಾಳೆ ಕೊನೆಯ ದಿನ ಎನ್ನುವುದೇ ಇವತ್ತು ಬಟ್ಟೆ ಬಿಚ್ಚುವುದಕ್ಕೆ ಕಾರಣವಲ್ಲವೇ? ಹಳೆಯ ತಪ್ಪಿನ ಹೆಸರು ಬಂದಕೂಡಲೇ ಅಕ್ಕೋರು ಬಾಯಿ ಮುಚ್ಚಿಕೊಂಡರು. ಮಾಲೀಕರು ಸರಿ ಮಾಡಮ್ಮ ಎಂದರು. ಸಂಜೆ ಆರಕ್ಕೆ ಹೊಸ ಶೆಲ್ ಸಿದ್ಧವಾಗಿತ್ತು. ನನ್ನ ಹೆಸರನ್ನೇ ಕನ್ನಡದಲ್ಲಿ ಟೈಪ್ ಮಾಡಿ ನೋಡಿದೆ, ಬಂತು. ಪರೀಕ್ಷೆ ಮುಗಿಯಿತು ಎಂದು ಮನೆಗೆ ಹೋದೆ.

ಶುಕ್ರವಾರ ಬೆಳಿಗ್ಗೆ ಅಕ್ಕೋರು ಗಣಪತಿ ಸಾಲು ಹೊಡೆದಾಗ ಪರದೆಯ ಮೇಲೆ ಒಂದನೇ ನಂಬರಿನವರ ಹೆಸರು ದುಂಡಗೆ ಕನ್ನಡದಲ್ಲಿ ಮೂಡಿತು. ಅವರು ಅದನ್ನು ಮಕ್ಕಳಿಗೆ ಪಾಠ ಓದಿಸುವ ಹಾಗೆ ಜೋರಾಗಿ ಓದಿದರು. "ಚೊಲೋ ಕಾಣ್ತೈತಿ" ಎಂದರು. ನಾನು ತಲೆಯಾಡಿಸಿದೆ. ಒಪ್ಪಿಕೊಂಡರಲ್ಲ ಎಂಬ ಖುಷಿ ನನ್ನದು.

ಮಧ್ಯಾಹ್ನದವರೆಗೆ ಫೋನು ಬಿಡಲಿಲ್ಲ. ಅವರು ಬರೆಯುವುದು, ಹೊಡೆಯುವುದು, ಟ್ರೂ, ಟಿಕ್. ಹೀಗೆ ನಲವತ್ತೊಂದು ತಿದ್ದುಪಡಿ, ಎಲ್ಲವೂ ಅಪ್ಪನ ಹೆಸರು, ಹುಟ್ಟಿದ ದಿನ, ಕೇಂದ್ರದವೇ. ಐದು ಗಂಟೆಗೆ ಸಿಡಿ ಹೊರಡಬೇಕಿತ್ತು.

ಎರಡು ಗಂಟೆಗೆ ಟ್ಯುಟೋರಿಯಲ್‌ನಿಂದ ಬಂದ ಫೋನನ್ನು ಮಾಲೀಕರೇ ಎತ್ತಿಕೊಂಡರು. ಉತ್ತರಹಳ್ಳಿಯಿಂದ ಒಬ್ಬ ಹೆಂಗಸು ಸಹಿ ಹಾಕಲು ಬಂದಿದ್ದಾರೆ. ಅಂಗನವಾಡಿಯಲ್ಲಿ ಸಹಾಯಕಿ. ಹತ್ತನೇ ತರಗತಿ ಪಾಸಾಗಬೇಕೆಂದು, ಅರ್ಜಿ ಶುರುವಾದ ದಿನ ಬಾಗಿಲು ತೆಗೆಯುವ ಮುಂಚೆಯೇ ಬಂದು ನಿಂತಿದ್ದವರು, ಪಟ್ಟಿಯ ಒಂದನೇ ನಂಬರು ಅವರದೇ. ಅವರ ಅರ್ಜಿಯಲ್ಲಿ ಅಪ್ಪ ಬೇರೆ, ಹುಟ್ಟಿದ ದಿನ ಬೇರೆ, ಪರೀಕ್ಷಾ ಕೇಂದ್ರ ಬೇರೆ. ಹೋದ ವಾರ ಎಲ್ಲ ಸರಿ ಇತ್ತಂತೆ. ಮಾಲೀಕರು ಫೋನಿಟ್ಟು ಅಕ್ಕೋರ ಮೇಜಿನ ಹತ್ತಿರ ಬಂದು ನಿಂತರು. ದನಿ ಏರಿಸಲಿಲ್ಲ. ಏರಿಸಿದ್ದರೆ ವಾಸಿಯಿತ್ತು.

ವೆಬ್‌ಸೈಟಿನಲ್ಲಿ ನೋಡಿದೆವು. ಆ ಹೆಂಗಸಿನ ಅರ್ಜಿಯಲ್ಲಿ ಈಗ ಇರುವ ಅಪ್ಪ ಅಕ್ಕೋರ ಪೇಪರಿನಲ್ಲಿದ್ದ ಬೇರೊಬ್ಬ ಹುಡುಗನ ಅಪ್ಪ. ಕೇಂದ್ರ ಇನ್ನೊಬ್ಬ ಹುಡುಗಿಯದು. ಅವರಿಬ್ಬರ ಅರ್ಜಿ ತೆರೆದರೆ ಅಲ್ಲಿ ತಿದ್ದುಪಡಿಯೇ ಆಗಿಲ್ಲ. ಮೂರನೆಯವರದ್ದನ್ನು ತೆರೆದೆವು, ನಾಲ್ಕನೆಯವರದ್ದನ್ನು ತೆರೆದೆವು. ಯಾರದೂ ಆಗಿಲ್ಲ. ಇಡೀ ಬೆಳಗಿನ ತಿದ್ದುಪಡಿಗಳೆಲ್ಲ ಹೋಗಿ ಒಂದೇ ಹೆಂಗಸಿನ ಅರ್ಜಿಯ ಮೇಲೆ ಒಂದರ ಮೇಲೊಂದು ಬಿದ್ದಿದ್ದವು.

ಮಾಲೀಕರು ನನ್ನ ಕಡೆ ನೋಡಿ, ಇದು ಮೆಷಿನ್ ತಪ್ಪಾ ಎಂದು ಕೇಳಿದರು. ನಾನು ಒಂದು ಕ್ಷಣವೂ ಯೋಚಿಸದೆ ಉತ್ತರ ಕೊಟ್ಟೆ. ಮೆಷಿನ್ ತಪ್ಪಾದರೆ ತಪ್ಪುಗಳು ಎಲ್ಲೆಲ್ಲೋ ಚೆಲ್ಲಾಡಿರುತ್ತವೆ. ನಲವತ್ತೊಂದೂ ಒಂದೇ ಕಡೆ ಬಿದ್ದಿವೆ ಎಂದರೆ ಟೈಪ್ ಮಾಡಿದವರು ನಂಬರು ಬದಲಿಸುವುದನ್ನು ಮರೆತಿದ್ದಾರೆ. ಒಂದನೇ ನಂಬರು ಬೆಳಿಗ್ಗೆ ಬಂದದ್ದು ಹಾಗೇ ಉಳಿದಿದೆ. ಕೇಳುವುದಕ್ಕೆ ಎಷ್ಟು ಸರಿಯಾಗಿತ್ತು ಅದು! ಸ್ಪರ್ಧೆಯಾಗಿದ್ದರೆ ಚಪ್ಪಾಳೆ ಬೀಳುತ್ತಿತ್ತು. ಅಕ್ಕೋರು ಪೇಪರಿನ ಮೇಲೆ ಅಂಗೈ ಇಟ್ಟುಕೊಂಡು ಕೂತಿದ್ದರು, ಯಾರೋ ಕಿತ್ತುಕೊಳ್ಳುತ್ತಾರೆ ಎನ್ನುವ ಹಾಗೆ.

ಮಾಲೀಕರು ಟ್ಯುಟೋರಿಯಲ್‌ಗೆ ತಿರುಗಿ ಫೋನ್ ಮಾಡಲು ಬಾಲ್ಕನಿಗೆ ಹೋದರು. ಆಗ ಅಕ್ಕೋರು ಪಕ್ಕದ ಕುರ್ಚಿಯನ್ನು ಕಾಲಿನಿಂದ ನನ್ನ ಕಡೆ ತಳ್ಳಿದರು.

"ಬಾಜೂಕ ಕುಂದರ್ರಿ. ಮುಂಜಾನಿ ಹೊಡದಂಗ ಹೊಡೀತೀನಿ. ನೀವು ಮಾತಾಡಬ್ಯಾಡ್ರಿ, ಬರೇ ನೋಡ್ರಿ."

ಕೂತೆ. ಗಣಪತಿ ಸಾಲು ಹೊಡೆದರು, ಉತ್ತರಹಳ್ಳಿಯವರ ಹೆಸರು ಬಂತು. ನೋಟ್‌ಬುಕ್ಕಿನ ಎರಡನೇ ಸಾಲು: ಪಟ್ಟಿಯಲ್ಲಿ ಒಬ್ಬೊಬ್ಬರನ್ನೇ ನೋಡುತ್ತ ಹೋಗಿ, ಬೇಕಾದ ನಂಬರು ಸಿಕ್ಕಾಗ ನಿಲ್ಲು. ನಂಬರನ್ನು ಬೆರಳಿಟ್ಟು ತೋರಿಸಿದರು. ಸರಿಯಾಗಿಯೇ ಇತ್ತು. ಮೂರನೇ ಸಾಲು, ಕೇಂದ್ರ ಬದಲಿಸುವುದು. ಸೇವ್ ಮಾಡುವ ನಾಲ್ಕನೇ ಸಾಲಿಗೆ ಬಂದಾಗ ನಾನು ತಡೆದೆ. ನಿಲ್ಲಿ ಅಕ್ಕೋರೇ, ಈಗ ನಿಮ್ಮ ಕೈಯಲ್ಲಿ ಯಾರಿದ್ದಾರೆ ಎಂದು ಅದನ್ನೇ ಕೇಳಿ ಎಂದೆ. ಕೇಳಿದರು.

ಉತ್ತರಹಳ್ಳಿಯವರ ಹೆಸರು. ಅಚ್ಚ ಕನ್ನಡದಲ್ಲಿ, ಒಂದಕ್ಷರವೂ ಕೆಡದೆ.

ನನ್ನ ಮೇಜಿಗೆ ಹೋಗಿ ಹಳೆಯ ಶೆಲ್ ತೆರೆದು ಅದೇ ಮೂರು ಸಾಲು ಹೊಡೆದು, ಕೈಯಲ್ಲಿ ಯಾರಿದ್ದಾರೆ ಎಂದು ಕೇಳಿದೆ. ಕಸದಂಥ ಅಂಕಿಗಳು ಬಂದವು. ಅವುಗಳ ನಡುವೆ ನಂಬರು ಮಾತ್ರ ಓದಬಹುದಾಗಿತ್ತು. ತಿದ್ದಬೇಕಾದ ಅಭ್ಯರ್ಥಿಯದೇ ನಂಬರು.

ವಿಷಯ ಇಷ್ಟು. ನೋಟ್‌ಬುಕ್ಕಿನ ಸಾಲುಗಳು ಸಿಕ್ಕವರನ್ನು ಹಾಕಿಕೊಳ್ಳಲು ಒಂದು ಹೆಸರನ್ನು ಬಳಸುತ್ತಿದ್ದವು. ಒಂದು ಚೀಲ ಎಂದುಕೊಳ್ಳಿ. ಗಣಪತಿ ಸಾಲು ಆ ಚೀಲವನ್ನು ಹೊಲಿದು, ಒಂದನೇ ನಂಬರಿನವರನ್ನು ಅದರಲ್ಲಿ ಕೂರಿಸುತ್ತಿತ್ತು. ಹಳೆಯ ರೂಬಿಯಲ್ಲಿ ಹುಡುಕಾಟ ಅದೇ ಚೀಲವನ್ನು ಹಿಡಿದು ಒಳಗೆ ಹೋಗುತ್ತಿತ್ತು, ನಿಂತಾಗ ಸಿಕ್ಕವರು ಅದರಲ್ಲೇ ಉಳಿಯುತ್ತಿದ್ದರು. ಆ ಸಾಲು ಇಲ್ಲದಿದ್ದರೆ ಚೀಲವೇ ಇಲ್ಲ. ಅಂದರೆ ನಾನು ಬೇಡದ್ದು ಎಂದ ಸಾಲಿನ ಮೇಲೆ ಉಳಿದದ್ದೆಲ್ಲ ನಿಂತಿತ್ತು. ಹೊಸ ರೂಬಿ ಈ ಪದ್ಧತಿಯನ್ನು ಕೈಬಿಟ್ಟಿತ್ತು. ಅದು ಹುಡುಕಾಟಕ್ಕೆ ಅದೇ ಹೆಸರಿನ ಬೇರೊಂದು ಚೀಲ ಹೊಲಿದು, ಮುಗಿದಮೇಲೆ ಎಸೆದುಬಿಡುತ್ತದೆ. ಹೊರಗಿನ ಚೀಲದಲ್ಲಿ ಬೆಳಿಗ್ಗೆ ಕೂರಿಸಿದವರೇ ಕೂತಿರುತ್ತಾರೆ. ನಲವತ್ತೊಂದು ಸಲವೂ ಉತ್ತರಹಳ್ಳಿಯವರೇ ಕೂತಿದ್ದರು. ಸೇವ್ ಆಯಿತೇ ಎಂದರೆ ಶೆಲ್ ಟ್ರೂ ಎಂದಿತ್ತು. ಅದು ಹೇಳಿದ್ದೂ ಸುಳ್ಳಲ್ಲ.

ಮಾಲೀಕರು ಬಾಲ್ಕನಿಯಿಂದ ಒಳಗೆ ಬಂದರು. ಗೊತ್ತಾಯ್ತಾ ಎಂದು ಕೇಳಿದರು.

ಗೊತ್ತಾಯ್ತು ಎಂದೆ. ಆಮೇಲೆ ನನ್ನ ಬಾಯಿಂದ ಬಂದ ವಾಕ್ಯ ಇವತ್ತಿಗೂ ನನಗೆ ಪೂರ್ತಿ ನೆನಪಿದೆ. "ಸಾರ್, ಹೊಸ ಶೆಲ್ ಸರಿಯಾಗೇ ಇದೆ. ನೋಟ್‌ಬುಕ್ಕಿನಲ್ಲಿ ಬರ್ದಿರೋ ವಿಧಾನವೇ ತಪ್ಪು. ಹಳೇದರಲ್ಲಿ ಇದ್ದ ಒಂದು ಲೋಪವನ್ನ ನಂಬ್ಕೊಂಡು ಬರ್ದಿದ್ದಾರೆ."

ಇದರಲ್ಲಿ ಒಂದು ಸುಳ್ಳೂ ಇಲ್ಲ. ಬೇಕಾದರೆ ಈಗಲೂ ಯಾರ ಮುಂದೆಯಾದರೂ ನಿಂತು ಸಮರ್ಥಿಸಬಲ್ಲೆ. ಆದರೆ ಮಾಲೀಕರಿಗೆ ಕೇಳಿಸಿದ್ದು ಎರಡೇ ಮಾತು. ನೋಟ್‌ಬುಕ್ಕು, ತಪ್ಪು. ನೋಟ್‌ಬುಕ್ಕು ಯಾರದು? ಅವರು ಅಕ್ಕೋರ ಕಡೆ ತಿರುಗಿ, ನಾನು ಆವತ್ತೇ ಹೇಳಿದ್ದೆ ಅಲ್ವಾಮ್ಮ ಎಂದರು. ಸೋಮವಾರದಿಂದ ತಾವು ಬರುವುದು ಬೇಡ ಎಂಬುದನ್ನು ಹೇಗೆ ಹೇಳುವುದು ಎಂದು ಹುಡುಕುತ್ತಿರುವುದು ಮುಖದ ಮೇಲೆ ಕಾಣುತ್ತಿತ್ತು. ಗಂಟೆ ಎರಡೂಮುಕ್ಕಾಲು.

ಅಕ್ಕೋರು ಅವರನ್ನು ನೋಡಲಿಲ್ಲ, ನನ್ನನ್ನು ನೋಡಿದರು. ಬೇಡಿಕೊಳ್ಳುವ ನೋಟವಲ್ಲ. ಉತ್ತರ ಗೊತ್ತಿದ್ದೂ ಕೈ ಎತ್ತದೆ ಕೂತ ಹುಡುಗಿಯನ್ನು ಟೀಚರು ನೋಡುವ ಹಾಗೆ. ಅವರಿಗೆ ಚೀಲದ ವಿಷಯ ಗೊತ್ತಿರಲಿಲ್ಲ. ಆದರೆ ಬೆಳಿಗ್ಗೆ ತಾನು ಹೊಡೆದ ಸಾಲೇ ನಿನ್ನೆಯವರೆಗೆ ಸರಿ ಇತ್ತು, ಇವತ್ತು ಇಲ್ಲ ಎಂಬಷ್ಟು ಗೊತ್ತಿತ್ತು. ನಡುವೆ ಬದಲಾದದ್ದು ಏನು ಎನ್ನುವುದಕ್ಕೆ ಚರ್ಚಾ ಸ್ಪರ್ಧೆ ಬೇಕಿರಲಿಲ್ಲ.

ಸುಮ್ಮನಿದ್ದುಬಿಡಬಹುದು ಎಂದು ಅನ್ನಿಸಿದ್ದು ಹೌದು. ಅನ್ನಿಸಲಿಲ್ಲ ಎಂದು ಬರೆದರೆ ಈ ಬರಹಕ್ಕೆ ಅರ್ಥವಿಲ್ಲ. ಎರಡು ಪಕ್ಷಗಳನ್ನೂ ಮನಸ್ಸಿನಲ್ಲಿ ನಿಲ್ಲಿಸಿದೆ. ನನ್ನ ಪಕ್ಷದ ವಾದವೇ ಗಟ್ಟಿ. ಹಳೆಯ ಪ್ರೋಗ್ರಾಮರ್ ಬರೆದದ್ದು ಕೆಟ್ಟ ಸಾಲು, ಭಾಷೆಯನ್ನು ಬದಲಿಸಿದವರು ನಾನಲ್ಲ, ಅನುಮತಿ ಕೊಟ್ಟವರು ಮಾಲೀಕರು. ಎದುರು ಪಕ್ಷದಲ್ಲಿದ್ದದ್ದು ಒಂದೇ ಸಂಗತಿ. ನೋಟ್‌ಬುಕ್ಕಿನ ನಾಲ್ಕು ಸಾಲನ್ನು ಗುರುವಾರ ಸಂಜೆ ನಾನು ಒಮ್ಮೆ ಓಡಿಸಿ ನೋಡಿದ್ದರೆ ಐದು ನಿಮಿಷ ಆಗುತ್ತಿತ್ತು.

"ಸಾರ್, ಶೆಲ್ ಬದಲಾಯಿಸಿದ್ದು ನಾನು" ಎಂದೆ. "ನೋಟ್‌ಬುಕ್ ಇದೆ ಅಂತ ಗೊತ್ತಿದ್ದೂ ಅದರ ಒಂದು ಸಾಲೂ ಹೊಸದರಲ್ಲಿ ಓಡ್ಸಿ ನೋಡ್ಲಿಲ್ಲ. ಅವರು ಟೈಪ್ ಮಾಡಿದ್ದು ಸರಿ. ತಪ್ಪು ನಂದು."

ಮಾಲೀಕರು ಈಗ ತಾನೇ ಬೇರೆ ಹೇಳಿದೆಯಲ್ಲಮ್ಮ ಎಂದರು. ಹೌದು, ಅದೂ ನಿಜ, ಆದರೆ ಅದನ್ನು ಹೇಳಿದ್ದು ನಾನು ತಪ್ಪಿಸಿಕೊಳ್ಳಲು ಎಂದೆ. ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಐದಕ್ಕೆ ಸಿಡಿ ಹೋಗುತ್ತೋ ಇಲ್ಲವೋ ಅದು ಹೇಳಿ ಮೊದಲು ಎಂದರು.

ಆಮೇಲಿನ ಎರಡು ಗಂಟೆಯನ್ನು ನಡೆಸಿದವರು ಅಕ್ಕೋರು, ನಾನಲ್ಲ. ನಾನು ಮಾಡಿದ್ದು ಹಳೆಯ ಶೆಲ್ ವಾಪಸ್ ತಂದಿಟ್ಟದ್ದು. ನಲವತ್ತೊಂದು ತಿದ್ದುಪಡಿಯೂ ಅವರ ಪೇಪರಿನಲ್ಲಿತ್ತು. ಅದಿಲ್ಲದಿದ್ದರೆ ಅವತ್ತು ನಮ್ಮ ಕಥೆ ಮುಗಿದಂತೆಯೇ. ಪೇಪರಿನಲ್ಲಿ ಇಲ್ಲದಿದ್ದದ್ದು ಒಬ್ಬರ ವಿವರ ಮಾತ್ರ, ಉತ್ತರಹಳ್ಳಿಯವರದು. ಅವರೇನೂ ತಿದ್ದಲು ಕೇಳಿರಲಿಲ್ಲವಲ್ಲ. ಅವರ ಹಳೆಯ ವಿವರಗಳ ಮೇಲೆ ನಾವು ಬೆಳಗಿನಿಂದ ಬರೆದು ಬರೆದು ಅಳಿಸಿಹಾಕಿದ್ದೆವು. ಅಕ್ಕೋರು ಟ್ಯುಟೋರಿಯಲ್‌ಗೆ ಫೋನ್ ಮಾಡಿ, ಆ ಹೆಂಗಸನ್ನು ಕಳಿಸಬೇಡಿ, ಫೋನ್ ಕೊಡಿ ಎಂದರು. ಅವರು ಬಸ್ಸಿಗೆಂದು ಹೊರಟು ಮೆಟ್ಟಿಲಿಳಿದಿದ್ದರಂತೆ. ಯಾರೋ ಓಡಿಹೋಗಿ ಕರೆತರುವವರೆಗೂ ಅಕ್ಕೋರು ರಿಸೀವರ್ ಕಿವಿಗೆ ಒತ್ತಿಕೊಂಡೇ ಇದ್ದರು. ನಾನು ಗಡಿಯಾರ ನೋಡುತ್ತಿದ್ದೆ.

ಸಿಕ್ಕರು. ಆ ಕಡೆಯವರು ಹೆದರಿಕೊಂಡಿದ್ದಿರಬೇಕು. ಅಕ್ಕೋರು ಬಹಳ ನಿಧಾನವಾಗಿ, ತಂದೆಯ ಹೆಸರು ಹೇಳಿ, ಗಾಬರಿ ಬೇಡ, ಹುಟ್ಟಿದ ದಿನ ಹೇಳಿ, ಶಾಲೆಯ ದಾಖಲೆಯಲ್ಲಿ ಹೇಗಿದೆಯೋ ಹಾಗೆ ಹೇಳಿ ಎಂದು ಬರೆದುಕೊಂಡರು. ಬರೆದದ್ದನ್ನು ತಿರುಗಿ ಓದಿ ಹೇಳಿದರು. ನಾವು ಮಾಡಿದ ತಪ್ಪಿಗೆ ನಿಮ್ಮನ್ನು ಓಡಾಡಿಸಿದೆವು ಎಂದರು. 'ನಾವು' ಎಂದರು.

ಆಮೇಲೆ ಅವರು ಹೊಡೆದರು, ನಾನು ಪಕ್ಕದಲ್ಲಿ ಕೂತು ಪ್ರತಿಯೊಂದನ್ನೂ ವೆಬ್‌ಸೈಟಿನಲ್ಲಿ ತೆರೆದು ಓದಿದೆ. ಇಪ್ಪತ್ತರ ಹತ್ತಿರ ಬಂದಾಗ ಕರೆಂಟು ಹೋಗಿ ಯುಪಿಎಸ್ ಕೂಗಲು ಶುರುವಾಯಿತು. ಅಕ್ಕೋರ ಬೆರಳುಗಳು ವೇಗ ಹೆಚ್ಚಿಸಲೂ ಇಲ್ಲ, ಕಡಿಮೆ ಮಾಡಲೂ ಇಲ್ಲ. ಹತ್ತು ನಿಮಿಷಕ್ಕೆ ಕರೆಂಟು ಬಂತು. ನಾಲ್ಕು ಮುಕ್ಕಾಲಿಗೆ ಕೊನೆಯ ಟಿಕ್. ಹಳೆಯ ಟಿಕ್‌ಗಳ ಪಕ್ಕದಲ್ಲೇ ಕೆಂಪು ಪೆನ್ನಿನಲ್ಲಿ ಹೊಸದು ಹಾಕಿದ್ದರು. ಐದಕ್ಕೆ ಎರಡು ನಿಮಿಷ ಇರುವಾಗ ಮಾಲೀಕರು ಸಿಡಿಯನ್ನು ಶರ್ಟಿನ ಒಳಗೆ ಇಟ್ಟುಕೊಂಡು ಸ್ಕೂಟರ್ ಹತ್ತಲು ಹೊರಟರು.

ಬಾಗಿಲಲ್ಲಿ ಅಕ್ಕೋರು ತಡೆದರು. ಸೋಮವಾರ ಬರಬೇಕೋ ಬೇಡವೋ ಎಂದು ಕೇಳಲಿಲ್ಲ. "ಸರ್ರ, ತಪ್ಪು ನಂದಲ್ಲ ಅಂತ ಒಮ್ಮಿ ಬಾಯಿಬಿಟ್ಟು ಹೇಳಿ ಹೋಗ್ರಿ. ಹೋದ ಸಲ ಎಲ್ಲಾರ ಮುಂದ ಹೇಳಿದ್ರಿ. ಈಗೂ ಎಲ್ಲಾರ ಮುಂದ ಹೇಳ್ರಿ."

ಕೋಣೆಯಲ್ಲಿ ನಾನೂ ಇನ್ನಿಬ್ಬರು ಸಹೋದ್ಯೋಗಿಗಳೂ ಇದ್ದೆವು, ಎಲ್ಲರೂ ಪರದೆ ನೋಡುವ ನಾಟಕ ಮಾಡುತ್ತಿದ್ದೆವು. ಮಾಲೀಕರು ಗಡಿಯಾರ ನೋಡಿದರು, ಮೆಟ್ಟಿಲು ನೋಡಿದರು. ನಿಮ್ಮ ತಪ್ಪಲ್ಲಮ್ಮ, ನೀವು ಸರಿಯಾಗೇ ಮಾಡಿದ್ದೀರಿ, ಸೋಮವಾರ ಬನ್ನಿ ಎಂದು ಒಂದೇ ಉಸಿರಿಗೆ ಹೇಳಿ ಇಳಿದುಹೋದರು. ಸ್ಕೂಟರ್ ಶುರುವಾದ ಸದ್ದು ಕೇಳಿಸಿತು.

ಅಕ್ಕೋರು ಡಬ್ಬಿ, ಛತ್ರಿ ಚೀಲಕ್ಕೆ ಹಾಕಿಕೊಂಡರು. ನಾನು ಎದ್ದು ಹತ್ತಿರ ಹೋಗಿ, ಕ್ಷಮಿಸಿ ಎಂದೆ. ಅಷ್ಟಕ್ಕೇ ನಿಲ್ಲಿಸದೆ, ಮಧ್ಯಾಹ್ನ ನಾನು ಹಾಗೆ ವಾದ ಮಾಡಬಾರದಿತ್ತು, ಸಾಕ್ಷ್ಯ ನೋಡದೆ ತೀರ್ಮಾನಕ್ಕೆ ಬಂದೆ, ಅದು ತರ್ಕದ ದೃಷ್ಟಿಯಿಂದಲೂ ತಪ್ಪು ಎಂದು ಇನ್ನೂ ನಾಲ್ಕು ವಾಕ್ಯ ಸೇರಿಸಿದೆ. ಅವರು ಪೂರ್ತಿ ಕೇಳಿಸಿಕೊಂಡರು.

"ಚೊಲೋ ಮಾತಾಡ್ತೀರಿ" ಎಂದರು. "ಎರಡು ಗಂಟೆಕ್ಕೂ ಹಿಂಗ ಚೊಲೋ ಮಾತಾಡಿದ್ರಿ."

ಅವರು ಚಪ್ಪಲಿ ಮೆಟ್ಟಿಕೊಂಡು ಹೋದರು.